ಸರಿಯಾದ ಕಣ್ಣು

ಮೊನ್ನೆ ಕೊಡೆ ಹುಡುಕುತ್ತಾ ಬೀರುವಿನ ಕೆಳಗಿನ ಖಾನೆ ಎಳೆದೆ. ಕೊಡೆ ಸಿಗಲಿಲ್ಲ, ಕಪ್ಪು ಕನ್ನಡಕವೊಂದು ಸಿಕ್ಕಿತು. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ, ಎಂಥ ಸಾಧುವಿನ ಮುಖಕ್ಕೆ ಹಾಕಿದರೂ ಕಳ್ಳಸಾಗಣೆಯವನ ಕಳೆ ತರುವ ಆ ಅಗ್ಗದ ಪ್ಲಾಸ್ಟಿಕ್ಕಿನದು. ನನ್ನದಲ್ಲ, ನಮ್ಮ ಖೈರುನ್ನೀಸಾ ಟೀಚರದು. ಯಾವಾಗಲೋ ಕಾಫಿಗೆ ಬಂದವರು ಮರೆತುಹೋಗಿದ್ದಾರೆ. ಅದನ್ನು ನೋಡಿದ ತಕ್ಷಣ ಮೊದಲು ಸಿಟ್ಟು ಬಂತು, ನೆನಪು ಅದರ ಹಿಂದೆ ಬಂತು. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ನನ್ನ ಬಿಪಿ ನೋಡುವವರು ಹೇಳುತ್ತಾರೆ. ಅವರಿಗೇನು, ಅವರು ಕರಡು ತಿದ್ದುವವರಲ್ಲ.

ನಾನು ಕರಡು ತಿದ್ದುವವಳು. ಪುಸ್ತಕ ಅಚ್ಚಾಗುವ ಮೊದಲು ಅದರ ಕಾಗುಣಿತ ನೋಡುವುದು ನನ್ನ ಹೊಟ್ಟೆಪಾಡು. ಹೊಟ್ಟೆಪಾಡು ಚಟವಾಗಿ ಎಷ್ಟೋ ಕಾಲವಾಯಿತು. ಮದುವೆಯ ಕರೆಯೋಲೆಯನ್ನು ನಾನು ಪೆನ್ನು ಹಿಡಿದೇ ಓದುವುದು. ಯಲಹಂಕದ ಒಂದು ಹೋಟೆಲಿನಲ್ಲಿ 'ಕೈ ತೋಳೆಯುವ ಸ್ಥಳ' ಎಂದು ಬರೆದಿದ್ದರು. ನಾನು ಗಲ್ಲಾದವರ ಹತ್ತಿರ ಸೀಮೆಸುಣ್ಣ ಇದೆಯೇ ಎಂದು ಕೇಳಿದೆ. ಅಂದಿನಿಂದ ನನ್ನ ಗಂಡ ಆ ಹೋಟೆಲಿಗೆ ಒಬ್ಬರೇ ಹೋಗುತ್ತಾರೆ, ನನಗೆ ವಡೆ ಕಟ್ಟಿಸಿಕೊಂಡು ಬರುತ್ತಾರೆ.

ಈ ರೋಗ ನನಗೆ ಹತ್ತಿಸಿದವರೇ ಖೈರುನ್ನೀಸಾ ಟೀಚರ್. ಯಲಹಂಕದ ಹಳೇ ಊರಿನ ಸರ್ಕಾರಿ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದವರು. ಅವರ ಉಕ್ತಲೇಖನ ಎಂದರೆ ನಮಗೆ ಜ್ವರ ಬರುತ್ತಿತ್ತು. ನಡುವೆ ವಾಯುನೆಲೆಯ ವಿಮಾನ ತಲೆಯ ಮೇಲೆ ಹಾರಿದರೆ ಟೀಚರ್ ಬೆರಳೆತ್ತಿ ನಿಲ್ಲಿಸುತ್ತಿದ್ದರು. ಸದ್ದು ಪೂರ್ತಿ ಅಡಗುವವರೆಗೆ ಹಾಗೇ ನಿಂತಿದ್ದು, 'ಸ್ವಾ' ಎಂಬಲ್ಲಿಗೆ ಬಿಟ್ಟಿದ್ದರೆ 'ತಂತ್ರ್ಯ' ಎಂದೇ ಮುಂದುವರಿಸುತ್ತಿದ್ದರು. ಅವರ ಮನೆಯ ಮಾತು ದಖ್ಖನಿ ಉರ್ದು. ಕನ್ನಡ ನನಗೆ ತಾಯಿ ಕೊಟ್ಟದ್ದಲ್ಲ, ನಾನೇ ಓದಿ ಸಂಪಾದಿಸಿದ್ದು, ಅದಕ್ಕೇ ಪೋಲು ಮಾಡೋಕೆ ಮನಸ್ಸು ಬರಲ್ಲ ಎಂದು ಹೇಳುತ್ತಿದ್ದರು. ಅಚ್ಚಾದ ಮಾತಿನ ಮೇಲೆ ಅವರಿಗೆ ಎಂಥ ಗೌರವವೆಂದರೆ ಶಾಂಪೂ ಬಾಟಲಿಯ ಹಿಂದೆ ಬರೆದದ್ದನ್ನೂ ಓದಿ, ಅಲ್ಲಿ ಹೇಳಿದಂತೆಯೇ ತಲೆ ತೊಳೆದುಕೊಳ್ಳುವವರು.

ಇಂಥವರಿಗೆ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದು ಹಿಂದೆಯೇ ಆಗಿತ್ತು, ಅದು ಚೆನ್ನಾಗಿ ಕಾಣುತ್ತಿತ್ತು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆ. ಆಪರೇಷನ್ ಸಲೀಸಾಗಿ ಆಯಿತು. ಮಾರನೆಯ ದಿನ ಪಟ್ಟಿ ಬಿಚ್ಚಿ, ಹಾಕಬೇಕಾದ ಹನಿಗಳನ್ನು ಬರೆದುಕೊಟ್ಟು, ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿದರು. ಚೀಟಿಯಲ್ಲಿ ಯಾವ ಕಣ್ಣಿಗೆ ಎಂಬ ಜಾಗದಲ್ಲಿ ಇರುವೆ ಮಸಿಯಲ್ಲಿ ಬಿದ್ದು ಎದ್ದು ನಡೆದಂಥ ಎರಡು ಇಂಗ್ಲಿಷ್ ಅಕ್ಷರ.

ಟೀಚರ ಮಗಳು ಶಬಾನಾ ಆರ್.ಟಿ. ನಗರದಲ್ಲಿರುತ್ತಾಳೆ, ಬ್ಯಾಂಕಿನಲ್ಲಿ ಕೆಲಸ. ಅಮ್ಮನ ಜೊತೆ ದಿನವೂ ಇರಲಾಗುವುದಿಲ್ಲ ಎಂದು ಅವಳು ಅಮ್ಮನ ಫೋನಿಗೆ ಔಷಧಿಯ ಹೊತ್ತು ನೆನಪಿಸುವ ಒಂದು ಆ್ಯಪ್ ಹಾಕಿಕೊಟ್ಟಳು. ಅದು ಯಾವ ಕಂಪನಿಯದೂ ಅಲ್ಲ. ಲೋಕದ ಬೇರೆಬೇರೆ ಮೂಲೆಯ ಜನ ಬಿಡುವಿನಲ್ಲಿ ಸೇರಿ ಬರೆದದ್ದು, ಜಾಹೀರಾತಿಲ್ಲ, ದುಡ್ಡಿಲ್ಲ. ಒಳಗಿನ ಬರವಣಿಗೆಯೆಲ್ಲ ಬಯಲಿನಲ್ಲೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು, ತಪ್ಪು ಕಂಡರೆ ಹೇಳಬಹುದು, ಬಂದರೆ ತಿದ್ದಲೂಬಹುದು. ಶಬಾನಾ ಎಲ್ಲವನ್ನೂ ಇಂಗ್ಲಿಷಿನಲ್ಲಿ ತುಂಬಿದಳು, ಬಲಗಣ್ಣು ಎಂದು ಸರಿಯಾಗಿಯೇ ಆರಿಸಿದಳು. ಆಮೇಲೆ ಅಮ್ಮನಿಗೆ ಓದಲು ಸುಲಭವಾಗಲಿ ಎಂದು ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ಹೋದಳು.

ವಾರದ ಕೊನೆಗೆ ಟೀಚರ ಬಲಗಣ್ಣು ಕೆಂಡವಾಗಿತ್ತು. ರೆಪ್ಪೆ ಊದಿ, ಬೆಳಕು ಕಂಡರೆ ನೀರು ಸುರಿಯುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಗೊತ್ತಾಯಿತು, ಅಷ್ಟೂ ದಿನ ಹನಿ ಹಾಕಿಕೊಂಡದ್ದು ಎಡಗಣ್ಣಿಗೆ. ಡಾಕ್ಟರಿಗೆ ಕೋಪ ಬಂತು. ಟೀಚರ್ ಆಗಿದ್ದವರು ಅಂತೀರಿ, ಬಲ ಯಾವುದು ಎಡ ಯಾವುದು ಗೊತ್ತಾಗಲ್ಲವೇ ಎಂದು ಹೊರಗೆ ಕೂತವರಿಗೆಲ್ಲ ಕೇಳುವಂತೆ ಕೇಳಿದರಂತೆ. ರೋಗಿ ಸೂಚನೆ ಪಾಲಿಸದೆ ತಪ್ಪು ಕಣ್ಣಿಗೆ ಔಷಧಿ ಹಾಕಿಕೊಂಡಿದ್ದಾರೆ ಎಂದು ಕಂಪ್ಯೂಟರಿನಲ್ಲಿ ಬರೆದೂ ಇಟ್ಟರು. ಶಬಾನಾಳೂ ದಾರಿಯುದ್ದಕ್ಕೂ ಅಮ್ಮನಿಗೆ ಬೈದಳು. ಫೋನಿನಲ್ಲಿ ವಿಚಾರಿಸಿದ ನೆಂಟರೆಲ್ಲ ಒಂದೇ ಮಾತು ಹೇಳಿದರು, ವಯಸ್ಸಾಯಿತಲ್ಲ.

ನಾನು ನೋಡಲು ಹೋದಾಗ ಟೀಚರ್ ಕಿಟಕಿಯ ಪರದೆ ಎಳೆದುಕೊಂಡು, ಈ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಪೇಪರು ಮಡಿಕೆ ಬಿಚ್ಚದೆ ಮೇಜಿನ ಮೇಲಿತ್ತು. ಎಡಗಣ್ಣಿನಲ್ಲಿ ಓದಬಹುದಿತ್ತು, ಓದುತ್ತಿರಲಿಲ್ಲ.

"ನನ್ ಬುದ್ಧಿ ಮಂಕಾಗ್ತಿದೆ ಕಣೇ ವನಜಾ," ಎಂದರು. "ಓದ್ದೆ, ಓದಿದ್ ಹಂಗೇ ಮಾಡ್ದೆ ಅಂತ ಅನ್ಕೊಂಡಿದ್ದೆ. ಈಗ ನನ್ ಮೇಲೇ ನಂಗೆ ನಂಬ್ಕೆ ಇಲ್ಲ."

ಎಲ್ಲಿ, ಏನು ಓದಿದಿರಿ ತೋರಿಸಿ ಎಂದೆ. ಫೋನು ಕೊಟ್ಟರು. ಅದರಲ್ಲಿ ಹೀಗಿತ್ತು: 'ಸರಿಯಾದ ಕಣ್ಣಿಗೆ ಒಂದು ಹನಿ ಹಾಕಿ.'

ನೀವೇ ಹೇಳಿ. ಒಂದು ಕಣ್ಣು ಚೆನ್ನಾಗಿದೆ, ಇನ್ನೊಂದನ್ನು ನಿನ್ನೆ ಮೊನ್ನೆ ಕುಯ್ದಿದ್ದಾರೆ, ಮುಟ್ಟಬೇಡಿ, ನೀರು ತಾಗಿಸಬೇಡಿ ಎಂದು ಹೆದರಿಸಿ ಕಳಿಸಿದ್ದಾರೆ. ಆಗ 'ಸರಿಯಾದ ಕಣ್ಣು' ಎಂದರೆ ಯಾವುದು? ಸರಿ ಇರುವ ಕಣ್ಣಿಗೆ ಸೋಂಕು ಹರಡದಿರಲಿ ಎಂದು ಹನಿ ಹಾಕಿಸುತ್ತಿದ್ದಾರೆ ಎಂದು ಟೀಚರ್ ಅರ್ಥ ಮಾಡಿಕೊಂಡರು. ಕನ್ನಡ ಬಲ್ಲ ಯಾರಾದರೂ ಹಾಗೇ ಅರ್ಥ ಮಾಡಿಕೊಳ್ಳಬೇಕು. ಇಂಗ್ಲಿಷಿನ 'ರೈಟ್' ಎಂಬ ಒಂದೇ ಮಾತಿಗೆ ಬಲ ಎಂದೂ ಸರಿ ಎಂದೂ ಅರ್ಥವಿರುವ ಪಾಪಕ್ಕೆ ಅವರ ಕಣ್ಣು ಬೆಂದಿತ್ತು. ಎಡಗಣ್ಣಿಗೆ ಏನು ಬರೆದಿದ್ದಾರೆ ಎಂದು ಹುಡುಕಿದೆ. 'ಉಳಿದ ಕಣ್ಣು' ಎಂದಿತ್ತು. 'ಲೆಫ್ಟ್' ಎಂದರೆ ಉಳಿದದ್ದು ಎಂದೂ ಆಗುತ್ತದಲ್ಲ. ನನಗೆ ನಗು ಬರಲಿಲ್ಲ.

ಮನೆಗೆ ಬಂದವಳೇ ಆ ಆ್ಯಪಿನವರಿಗೆ ದೂರು ಬರೆದೆ. ಎಲ್ಲಿ ಬರೆಯಬೇಕೆಂದು ಶಬಾನಾ ಫೋನಿನಲ್ಲಿ ಹೇಳಿಕೊಟ್ಟಳು. ನಿಮಗೆ ನಾಚಿಕೆಯಾಗಬೇಕು ಎಂದು ಶುರುಮಾಡಿದೆ. ಟೀಚರ್ ಎಂಥವರು, ಎಷ್ಟು ಮಕ್ಕಳಿಗೆ ಅಕ್ಷರ ಕಲಿಸಿದರು, ಡಾಕ್ಟರು ಹೇಗೆ ಕೂಗಿದರು, ಭಾಷೆ ಬಾರದವರು ಭಾಷೆಗೆ ಯಾಕೆ ಕೈ ಹಾಕಬೇಕು, ಎಲ್ಲ ಬರೆದೆ. ನನ್ನ ಇಂಗ್ಲಿಷಿಗೂ ಸಿಟ್ಟಿಗೂ ಅಷ್ಟು ಸ್ನೇಹವಿಲ್ಲವಾದ್ದರಿಂದ ನಡುವೆ ಕನ್ನಡವೂ ಬಂತು. ಆ ತಪ್ಪು ವಾಕ್ಯವನ್ನು ಮಾತ್ರ ಎಲ್ಲೋ ಕೊನೆಗೆ, ಯಾವ ಪರದೆಯಲ್ಲಿ ಬರುತ್ತದೆ ಎಂದು ಕೂಡ ಹೇಳದೆ ಹಾಕಿದ್ದೆ.

ಆ ಯೋಜನೆಯ ಉಸ್ತುವಾರಿ ನೋಡುವವರು ಯಾವುದೋ ಚಳಿದೇಶದ ಮನುಷ್ಯ. ಉತ್ತರ ಬಂತು, ಬಹಳ ಮರ್ಯಾದೆಯಾಗಿ. ನನಗೆ ಕನ್ನಡ ಬರುವುದಿಲ್ಲ, ಆದ್ದರಿಂದ ನೀವು ಕೊಟ್ಟ ವಾಕ್ಯವನ್ನು ಅನುವಾದಿಸುವ ಯಂತ್ರಕ್ಕೆ ಹಾಕಿ ನೋಡಿದೆ, 'ರೈಟ್ ಐ' ಎಂದೇ ಬಂತು, ಹಾಗಾಗಿ ಅನುವಾದ ಸರಿಯಾಗಿದೆ, ಬಳಸಿದವರು ತಪ್ಪಾಗಿ ಓದಿರಬಹುದು, ಅವರು ಬೇಗ ಗುಣವಾಗಲಿ ಎಂದು ಬರೆದಿದ್ದರು. ದೂರಿನ ನೆತ್ತಿಯ ಮೇಲೆ 'ಮುಚ್ಚಲಾಗಿದೆ' ಎಂದು ಬಿದ್ದಿತ್ತು.

ಬಳಸಿದವರು ತಪ್ಪಾಗಿ ಓದಿರಬಹುದು! ಆ ಸಾಲು ಓದಿ ನಾನು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದೆ. ಡಾಕ್ಟರಿಂದ ಹಿಡಿದು ಲೋಕದ ಇನ್ನೊಂದು ತುದಿಯವನವರೆಗೆ ಎಲ್ಲರದೂ ಒಂದೇ ತೀರ್ಪು, ಮುದುಕಿಗೆ ಓದಲು ಬರಲಿಲ್ಲ. ನೋಡಿದರೇ ಗೊತ್ತಾಗುತ್ತದೆ, ಯಂತ್ರವೊಂದು ತಪ್ಪು ಮಾಡಿದೆ, ಆ ತಪ್ಪು ಸರಿಯೇ ಎಂದು ಅದೇ ಜಾತಿಯ ಯಂತ್ರವನ್ನು ಕೇಳಿದ್ದಾರೆ, ಸರಿ ಎಂದು ಅದು ಹೇಳಿದೆ. ಕಳ್ಳನ ಸಾಕ್ಷಿಗೆ ಅವನ ಅಣ್ಣನನ್ನು ಕರೆದಂತೆ. ಶಬಾನಾ ಸಮಾಧಾನ ಮಾಡಲು ನೋಡಿದಳು. ಇವರಿಗೆ ಯಾರೂ ಸಂಬಳ ಕೊಡುವುದಿಲ್ಲ ಅಕ್ಕಾ, ಪುಣ್ಯಕ್ಕೆ ಮಾಡುವವರು ಎಂದಳು. ಇರಲಿ. ಬಿಟ್ಟಿ ಬಡಿಸಿದರೂ ಅನ್ನದಲ್ಲಿ ಕಲ್ಲಿರಬಾರದು.

ಪಾತ್ರೆ ತೊಳೆಯುವಾಗ ನನ್ನ ಮೊದಲ ಕೆಲಸದ ಯಜಮಾನರು ನೆನಪಾದರು. ಯಶವಂತಪುರದಲ್ಲಿ ಅವರದೊಂದು ಪುಟ್ಟ ಮುದ್ರಣಾಲಯವಿತ್ತು. ಸೇರಿದ ಹೊಸದರಲ್ಲಿ ನಾನು ಒಂದು ಕರಡಿನ ಅಂಚಿನಲ್ಲಿ 'ಇಡೀ ಪುಟ ಗಬ್ಬೆದ್ದಿದೆ' ಎಂದು ಬರೆದು ಕಳಿಸಿದ್ದೆ. ಅದು ನನ್ನ ಮೇಜಿಗೇ ವಾಪಸು ಬಂತು, ಕೆಳಗೆ ಅವರ ಕೈಬರಹದಲ್ಲಿ 'ಯಾವ ಸಾಲು?' ಎಂದು ಬರೆದಿತ್ತು. ಹಳೆಯ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಎಂದು ಇರುತ್ತಿತ್ತಲ್ಲ, ಪುಟ, ಸಾಲು, ತಪ್ಪು, ಒಪ್ಪು, ಅಷ್ಟೇ. ಅದರಲ್ಲಿ ಬೈಗುಳಕ್ಕೆ ಅಂಕಣವೇ ಇರುತ್ತಿರಲಿಲ್ಲ. ದಿನಾ ಮಾಡುವ ಕೆಲಸವನ್ನೇ ಸಿಟ್ಟಿನಲ್ಲಿ ಮರೆತಿದ್ದೆನಲ್ಲ ಎಂದು ನನ್ನ ಮೇಲೂ ಸ್ವಲ್ಪ ಸಿಟ್ಟು ಬಂತು. ಅಲ್ಲಿಗೆ ಸಿಟ್ಟು ಬರದೆ ಉಳಿದವರು ಯಾರೂ ಇರಲಿಲ್ಲ.

ಒಬ್ಬ ಉಳಿದಿದ್ದ. ಇಂಥ ಯೋಜನೆಗಳಲ್ಲಿ ಪ್ರತಿ ಸಾಲನ್ನೂ ಯಾರು ಬರೆದರು ಎಂಬುದು ದಾಖಲಾಗಿರುತ್ತದೆ. ಶಬಾನಾ ಹುಡುಕಿ ತೋರಿಸಿದಳು. ಕನ್ನಡದ ಅಷ್ಟೂ ಸಾಲುಗಳು ಒಂದೇ ಮಧ್ಯಾಹ್ನ, ಒಬ್ಬನೇ ಮನುಷ್ಯನಿಂದ ಬಂದಿದ್ದವು. ಹೆಸರು ನಿಶಾಂತ್, ಊರು ಬೆಂಗಳೂರು. ನನಗೆ ನಂಬಲಾಗಲಿಲ್ಲ. ಕನ್ನಡ ಬಾರದ ಯಾರೋ ಯಂತ್ರದಿಂದ ಮಾಡಿಸಿದ್ದಾರೆ ಎಂದುಕೊಂಡಿದ್ದೆ. ಸಂದೇಶ ಕಳಿಸಿದೆ, ಈ ಸಲ ಎರಡೇ ಸಾಲು. ಅವನು ಮುಖಾಮುಖಿ ಮಾತಾಡೋಣ ಮೇಡಂ ಎಂದು ಉತ್ತರಿಸಿದ. ಹುಣಸಮಾರನಹಳ್ಳಿಯ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿರುವ ಸಾಫ್ಟ್‌ವೇರಿನವನು, ಹುಟ್ಟಿ ಬೆಳೆದದ್ದು ಅಬ್ಬಿಗೆರೆಯಲ್ಲಿ. ಯಲಹಂಕ ನ್ಯೂ ಟೌನಿನ ಒಂದು ದರ್ಶಿನಿಯಲ್ಲಿ ಸಿಕ್ಕಿದ. ಮೂವತ್ತರ ಹತ್ತಿರದ ವಯಸ್ಸು, ಎದ್ದು ನಿಂತು ನಮಸ್ಕಾರ ಮಾಡುವ ಮರ್ಯಾದೆ, ಇಬ್ಬರಿಗೂ ಕಾಫಿ ತಂದ. ಬೈಯಬೇಕು ಎಂದು ಹೋದವಳಿಗೆ ಇವನಿಗಿಂತ ಕಷ್ಟದ ಮನುಷ್ಯ ಇಲ್ಲ.

ಅವರ ಆಫೀಸಿನಲ್ಲಿ ಒಂದು ದಿನ ಎಲ್ಲರೂ ಇಂಥ ಯೋಜನೆಗಳಿಗೆ ಏನಾದರೂ ಕೊಡುಗೆ ಕೊಡಬೇಕೆಂದು ಮಾಡಿದ್ದರಂತೆ. ಹೆಚ್ಚು ಸಾಲು ಸೇರಿಸಿದ ತಂಡಕ್ಕೆ ಟೀ ಶರ್ಟು. ಕನ್ನಡದ ಕಾಲಂ ಪೂರ್ತಿ ಖಾಲಿ ಇತ್ತು. ಇವನು ಇಂಗ್ಲಿಷಿನದನ್ನೆಲ್ಲ ಎತ್ತಿ ಯಂತ್ರಕ್ಕೆ ಸುರಿದು, ಬಂದದ್ದನ್ನು ಕನ್ನಡದ ಕಾಲಮ್ಮಿಗೆ ಸುರಿದ. ಕನ್ನಡ ನೂರಕ್ಕೆ ನೂರು ಎಂದು ಹಸಿರು ಗೆರೆ ಬಂತು. ಉಸ್ತುವಾರಿಯವರು ಧನ್ಯವಾದ ಹೇಳಿದರು.

ನಾನು ಟೀಚರ ಫೋನನ್ನು ಅವನ ಮುಂದಿಟ್ಟು, ಓದಿ ಎಂದೆ. ಓದಿದ. ಜೋರಾಗಿ ಓದಿ ಎಂದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. 'ಸರಿಯಾದ ಕಣ್ಣಿಗೆ' ಎನ್ನುವಷ್ಟರಲ್ಲಿ ಅವನ ದನಿ ಇಳಿಯಿತು.

"ನಿಮ್ ತಾಯಿಗೆ ಬಲಗಣ್ಣು ಆಪರೇಷನ್ ಆಗಿದೆ ಅನ್ಕೊಳ್ಳಿ, ಇದನ್ನ ಓದಿ ಹೇಳಿದ್ರೆ ಅವ್ರು ಯಾವ ಕಣ್ಣಿಗೆ ಹಾಕ್ಕೋತಾರೆ?" ಎಂದು ಕೇಳಿದೆ.

ಅವನು ಫೋನನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. "ಏನೂ ಇಲ್ದೇ ಇರೋದಕ್ಕಿಂತ ಏನೋ ಒಂದು ಕನ್ನಡದಲ್ಲಿ ಇರ್ಲಿ ಅಂತ ಮಾಡ್ದೆ ಮೇಡಂ. ಕನ್ನಡಕ್ಕೆ ಒಳ್ಳೇದಾಗತ್ತೆ ಅನ್ಕೊಂಡೆ."

"ಏನೂ ಇಲ್ದೇ ಇದ್ದಿದ್ರೆ ಆ ಜಾಗದಲ್ಲಿ ಇಂಗ್ಲಿಷ್‌ನಲ್ಲಿ 'ರೈಟ್ ಐ' ಅಂತ ಇರ್ತಿತ್ತು. ಅಷ್ಟು ಇಂಗ್ಲಿಷು ನಮ್ ಟೀಚರಿಗೆ ಬರತ್ತೆ. ನೀವು ಕನ್ನಡ ಹಾಕಿದ್ದಕ್ಕೇ ಅವ್ರ ಕಣ್ಣು ಹೋಗೋ ಹಂಗಾಯ್ತು."

ಇದಕ್ಕಿಂತ ಕಟುವಾದ ಮಾತು ನಾನು ಜನ್ಮದಲ್ಲಿ ಆಡಿಲ್ಲ. ಆಡಿದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ. ಕನ್ನಡ ಉಳಿಸುತ್ತೇವೆ ಎಂದು ಹೊರಟವರು ಬರೆದದ್ದನ್ನು ಒಂದು ಸಲ ತಾವೇ ಓದಲಿಕ್ಕಿಲ್ಲವೇ? ಓದುವವರು ಯಾರೂ ಇಲ್ಲ ಎಂದುಕೊಂಡೇ ಬರೆಯುವ ಬರವಣಿಗೆ ಈ ಊರಿನ ತುಂಬ ಇದೆ, ಎಟಿಎಮ್ಮಿನಲ್ಲಿ, ಲಿಫ್ಟಿನಲ್ಲಿ, ರಸ್ತೆಯ ಫಲಕದಲ್ಲಿ. ಹಸಿರು ಗೆರೆಗೆ ಕನ್ನಡ ಬೇಕು, ಕಣ್ಣಿಗೆ ಬೇಡ. ಆದರೆ ಅದನ್ನು ನಂಬಿ ಓದುವ ಖೈರುನ್ನೀಸಾ ಟೀಚರ್ ಅಂಥವರು ಇದ್ದಾರೆ.

ನಿಶಾಂತ್ ಎದ್ದು ಹೋಗಲಿಲ್ಲ, ಅದನ್ನು ಹೇಳಬೇಕು. ಲ್ಯಾಪ್‌ಟಾಪ್ ತೆಗೆದು, ತಪ್ಪಿನ ಬೇರು ಎಲ್ಲಿದೆ ಎಂದು ಅಲ್ಲೇ ಹುಡುಕಿದ. ಅನುವಾದ ಮಾಡುವವರಿಗೆ ಇಡೀ ವಾಕ್ಯ ಕಾಣುವುದೇ ಇಲ್ಲವಂತೆ, 'ರೈಟ್' ಎಂಬ ಒಂಟಿ ಪದ ಮಾತ್ರ ಕಾಣುತ್ತದೆ. ಅದು ಪಕ್ಕವೋ, ಶಭಾಷ್‌ಗಿರಿಯೋ ಎಂದು ಹೇಳುವ ಟಿಪ್ಪಣಿ ಇರಲಿಲ್ಲ. ಹಾಗೆಂದು ನನ್ನ ತಪ್ಪು ಕಮ್ಮಿಯಾಗಲ್ಲ ಎಂದು ಅವನೇ ಸೇರಿಸಿದ. ಇಲ್ಲ, ಆಗಲ್ಲ ಎಂದು ನಾನೂ ಹೇಳಿದೆ.

ಎರಡನೆಯ ದೂರನ್ನು ಇಬ್ಬರೂ ಸೇರಿ ಬರೆದೆವು. ತಲೆಬರಹ ಒಂದೇ ಸಾಲು: ಕನ್ನಡದಲ್ಲಿ 'ಬಲಗಣ್ಣು' ಎಂದಿರಬೇಕಾದಲ್ಲಿ 'ಚೆನ್ನಾಗಿರುವ ಕಣ್ಣು' ಎಂಬ ಅರ್ಥ ಬರುತ್ತಿದೆ, ರೋಗಿಯೊಬ್ಬರಿಗೆ ಅಪಾಯವಾಗಿದೆ. ಆಮೇಲೆ ಆ್ಯಪಿನ ಯಾವ ಆವೃತ್ತಿ, ಯಾವ ಫೋನು. ಮೊದಲು ಇಂಗ್ಲಿಷಿನಲ್ಲಿ ಬಲಗಣ್ಣು ಆರಿಸಿ, ಆಮೇಲೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ನೆನಪಿನ ಗಂಟೆ ಬಾರಿಸುವವರೆಗೆ ಕಾಯಿರಿ. ಕಾಣಬೇಕಾದದ್ದು ಇದು, ಕಾಣುತ್ತಿರುವುದು ಇದು, ಚಿತ್ರ ಇಲ್ಲಿದೆ. ಯಂತ್ರವನ್ನು ಕೇಳಿದರೆ ಸರಿ ಎನ್ನುತ್ತದೆ, ಯಾಕೆಂದರೆ ತಪ್ಪಿರುವುದು ಇಂಗ್ಲಿಷಿನ ಪದದ ಎರಡು ಅರ್ಥದಲ್ಲಿ. ಆದ್ದರಿಂದ ದಯವಿಟ್ಟು ಮನುಷ್ಯರನ್ನು ಕೇಳಿ. ನಾನು ಕೇಳಿದ್ದೆ ಕೂಡ. ಹೂವಿನವಳಿಗೆ, ಇಸ್ತ್ರಿಯವನಿಗೆ, ನನ್ನ ಗಂಡನಿಗೆ ಆ ಪರದೆ ತೋರಿಸಿ, ನಿಮಗೆ ಬಲಗಣ್ಣಿನ ಆಪರೇಷನ್ ಆಗಿದ್ದರೆ ಇದು ಯಾವ ಕಣ್ಣು ಎಂದು ಕೇಳಿದರೆ ಒಬ್ಬರೂ ಬಲಗಣ್ಣು ಮುಟ್ಟಿಕೊಳ್ಳಲಿಲ್ಲ. ಅದನ್ನೂ ಸೇರಿಸಿದೆವು. ಕೊನೆಗೆ ನಾನು ನಾಚಿಕೆಯ ಬಗ್ಗೆ ಒಂದು ಸಾಲು ಹಾಕಬೇಕೆಂದೆ. ಬೇಡ ಮೇಡಂ, ಹಾಕಿದರೆ ಅದಕ್ಕೆ ಮಾತ್ರ ಉತ್ತರ ಬರುತ್ತದೆ ಎಂದ ನಿಶಾಂತ್. ಹಾಕಲಿಲ್ಲ. ಸಿಟ್ಟಿಲ್ಲದ ಆ ದೂರನ್ನು ಓದಿದರೆ ಮೊದಲಿನದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಉಸ್ತುವಾರಿಯವರು ಅದೇ ದಿನ, ಮುಚ್ಚಿದ್ದ ಮೊದಲ ದೂರನ್ನು ಮತ್ತೆ ತೆರೆದರು. ಓದಿದವರದು ತಪ್ಪಲ್ಲ, ನನ್ನದು ತಪ್ಪು, ಕ್ಷಮಿಸಿ ಎಂದು ಬರೆದರು. ಸುತ್ತಿ ಬಳಸಿ ಏನೂ ಹೇಳಲಿಲ್ಲ. ನಿಶಾಂತ್ ಕಳಿಸಿದ ತಿದ್ದುಪಡಿ ಸೇರಿತು. ಆ ಒಂಟಿ ಪದದ ಪಕ್ಕ 'ಇದು ದೇಹದ ಬಲಭಾಗ, ಸರಿತಪ್ಪಿನ ಸರಿಯಲ್ಲ' ಎಂಬ ಟಿಪ್ಪಣಿ ಬಂತು. ಅದನ್ನು ನೋಡಿ ಬೇರೆ ಭಾಷೆಯವರು ತಮ್ಮ ತಮ್ಮ ಕಾಲಂ ತೆರೆದು ನೋಡಿದರು. ತೆಲುಗಿನಲ್ಲೂ ಅದೇ ತಪ್ಪು, ತಮಿಳಿನಲ್ಲೂ ಅದೇ ತಪ್ಪು. ಅಲ್ಲೆಲ್ಲ ಯಾರ್ಯಾರು ಯಾವ ಕಣ್ಣಿಗೆ ಹಾಕಿಕೊಂಡರೋ, ಯಾರಿಂದ ಬೈಸಿಕೊಂಡರೋ, ದೂರು ಕೊಡುವುದು ಎಲ್ಲಿ ಎಂದು ತಿಳಿಯದೆ ಸುಮ್ಮನಾದರೋ, ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಉಳಿದ ಕನ್ನಡ ಸಾಲುಗಳನ್ನೆಲ್ಲ ಈಗ ನಾನೇ ನೋಡುತ್ತಿದ್ದೇನೆ. ಸಂಬಳವಿಲ್ಲ, ಟೀ ಶರ್ಟೂ ಇಲ್ಲ.

ಟೀಚರಿಗೆ ಇದನ್ನೆಲ್ಲ ಹೇಳಲು ಹೋದೆ. ಹನಿ ಈಗ ಬಲಗಣ್ಣಿಗೇ ಬೀಳುತ್ತಿತ್ತು, ಕೆಂಪು ಇಳಿದಿತ್ತು, ಮಸುಕು ಪೂರ್ತಿ ಹೋಗಿರಲಿಲ್ಲ. ನಾನು ದೂರನ್ನೂ ಉತ್ತರವನ್ನೂ ಓದಿ ಹೇಳಿದೆ. 'ಓದಿದವರದು ತಪ್ಪಲ್ಲ' ಎಂಬುದನ್ನು ಇನ್ನೊಂದು ಸಲ ಓದಿಸಿದರು. ಶಬಾನಾ ಅಮ್ಮನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು. ಟೀಚರ ಮುಖದಲ್ಲಿ ಸಮಾಧಾನ ಕಂಡೀತು ಎಂದುಕೊಂಡಿದ್ದೆ. ಅಲ್ಲಿ ಬಂದದ್ದು ನಾನು ಆವರೆಗೆ ನೋಡಿರದ ಸಿಟ್ಟು.

"ಇವ್ರೆಲ್ಲ ಒಪ್ಕೊಂಡ್ರು. ಆ ಡಾಕ್ಟ್ರು ಬರೆದಿಟ್ಟಿದಾರಲ್ಲ, ಅದು?" ಎಂದರು.

ಮುಂದಿನ ತಪಾಸಣೆಗೆ ಮೂವರೂ ಹೋದೆವು. ಡಾಕ್ಟರು ಕಣ್ಣು ನೋಡಿ, ಚೆನ್ನಾಗಿ ಇಳಿದಿದೆ ಎಂದರು. ಟೀಚರ್ ಏಳಲಿಲ್ಲ. ಶಬಾನಾ ಹಳೆಯ ಪರದೆಯ ಚಿತ್ರ ತೋರಿಸಿ, ನಡೆದದ್ದನ್ನು ಹೇಳಿದಳು. ಡಾಕ್ಟರು ಎರಡು ಸಲ ಓದಿದರು. ಅವರೂ ಕನ್ನಡದವರೇ. ಹೌದಲ್ಲ ಎಂದು ಮೆಲ್ಲಗೆ ಅಂದರು. ಅವತ್ತು ಕೂಗಿದ್ದಕ್ಕೆ ಸಾರಿ ಎಂದೂ ಅಂದರು.

"ನೀವು ಬರೆದಿದ್ದನ್ನ ತೆಗೀರಿ," ಎಂದರು ಟೀಚರ್.

"ಒಂದ್ಸಲ ಸೇವ್ ಆದ್ಮೇಲೆ ತೆಗೆಯೋಕಾಗಲ್ಲಮ್ಮ, ಸಿಸ್ಟಮ್ಮೇ ಬಿಡಲ್ಲ. ಕೆಳಗೆ ಸೇರಿಸ್ಬೋದು ಅಷ್ಟೇ."

"ಹಂಗಾದ್ರೆ ಸೇರ್ಸಿ. ರೋಗಿ ಓದಿದ್ದು ಸರಿ. ಬರೆದಿದ್ದು ತಪ್ಪು."

ಹೊರಗೆ ಜನ ಕಾಯುತ್ತಿದ್ದರು. ನರ್ಸು ಬಾಗಿಲಿನಿಂದ ಇಣುಕಿ ಹೋದಳು. ಡಾಕ್ಟರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿದರು. ಪರದೆ ಈ ಕಡೆ ತಿರುಗಿಸಿ ಎಂದರು ಟೀಚರ್. ತಿರುಗಿಸಿದರು. ಟೀಚರ್ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬಲಗಣ್ಣನ್ನು ಪರದೆಯ ಹತ್ತಿರ ಒಯ್ದು, ಒಂದೊಂದೇ ಪದವನ್ನು ತುಟಿ ಅಲುಗಿಸುತ್ತಾ ಓದಿದರು. ಬಹಳ ಹೊತ್ತು ಹಿಡಿಯಿತು. ಡಾಕ್ಟರೂ ತಡೆಯಲಿಲ್ಲ.

"ಕೊನೇಲಿ ಫುಲ್‌ಸ್ಟಾಪ್ ಇಲ್ಲ," ಎಂದರು.

ನಾನು ಬಗ್ಗಿ ನೋಡಿದೆ. ಇರಲಿಲ್ಲ. ಡಾಕ್ಟರು ಹಾಕಿದರು.